ತಿದ್ದಲು ಬಾರದ ಪಟ್ಟಿ

ಈ ಜೂನಿನಲ್ಲಿ ಪ್ರಾಯೋಗಿಕ ಪರೀಕ್ಷೆಯ ಕೆಲಸಕ್ಕೆಂದು ಕುಂದಾಪುರದಿಂದ ಬೈಂದೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಹೆಮ್ಮಾಡಿಯಲ್ಲಿ ಹತ್ತಿದ ಹೆಂಗಸೊಬ್ಬರು ಗೋಣಿಯಲ್ಲಿ ಸುತ್ತಿದ ಹಲಸಿನ ಹಣ್ಣನ್ನು ನನ್ನ ಸೀಟಿನಡಿಗೆ ತಳ್ಳಿ, "ಒಂಚೂರ್ ಕಾಲ್ ಬದಿಗ್ ಮಾಡ್ ಹೆಣ್ಣೆ" ಎಂದರು. ಮಳೆಗೆ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಒದ್ದೆ ರೈನ್‌ಕೋಟು, ಡೀಸೆಲ್ಲು, ಹಣ್ಣಾದ ಹಲಸು ಮೂರೂ ಸೇರಿದ ಆ ವಾಸನೆಗೆ ನಾನು ಎದ್ದು ಬಾಗಿಲ ಬಳಿ ಹೋಗಿ ನಿಂತೆ. ಹಲಸು ನನಗೆ ಇಷ್ಟ. ಎದ್ದದ್ದು ಬೇರೆ ಕಾರಣಕ್ಕೆ.

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಪ್ರತಿ ಶನಿವಾರ ಇದೇ ದಾರಿಯಲ್ಲಿ, ಇದೇ ವಾಸನೆಯಲ್ಲಿ, ನಾನೂ ವಿನಯಾಳೂ ಪಕ್ಕಪಕ್ಕ ಕೂತು ಹೋಗುತ್ತಿದ್ದೆವು. ಆ ಮಳೆಗಾಲದಲ್ಲಿ ಅವಳು ಮಾಡಿದ ಒಂದು ಕೆಲಸ ಊರವರೆಲ್ಲರ ಎದುರು ಕೈಕೊಟ್ಟಿತು. ಅವಳ ಹೆಸರು ಹಾಳಾಯಿತು. ಮರುವರ್ಷ ಅವಳು ನಮ್ಮ ಕಾಲೇಜನ್ನೇ ಬಿಟ್ಟಳು. "ಹೀಗಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ" ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತ ಬಂದಿದ್ದೇನೆ. ಯಾರಿಗೂ ಎಂದರೆ ನನಗೂ. ಆ ಮಾತು ನಿಜವೇ ಎಂದು ನೋಡುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಸುಳ್ಳಾಗಿದ್ದರೆ ಅದನ್ನು ವಿನಯಾಳಿಗೆ ಹೇಳಬೇಕು. ಹೇಳಿದ ಮೇಲೆ ಅವಳು ನನ್ನ ಸ್ನೇಹಿತೆಯಾಗಿ ಉಳಿಯುತ್ತಾಳೋ ಇಲ್ಲವೋ ಎಂಬುದು ಇದ್ದೇ ಇದೆ.

ನಾವಿಬ್ಬರೂ ವಿಶ್ವವಿದ್ಯಾಲಯದಲ್ಲಿ ಎಂಸಿಎ ಒಟ್ಟಿಗೆ ಓದಿದವರು. ಅವಳು ಬ್ರಹ್ಮಾವರದವಳು, ನಾನು ಉಪ್ಪುಂದದವಳು. ಆಮೇಲೆ ಕುಂದಾಪುರದ ಒಂದೇ ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಪಾಠ ಹೇಳಲು ಸೇರಿದೆವು. ಓದುವಾಗ ನಾನು ನೋಟ್ಸ್ ಬರೆಯುತ್ತಿದ್ದೆ, ಅವಳು ಪ್ರೋಗ್ರಾಮ್ ಬರೆಯುತ್ತಿದ್ದಳು. ಪರೀಕ್ಷೆಯ ಹಿಂದಿನ ವಾರ ನನ್ನ ನೋಟ್ಸ್ ಅವಳಿಗೆ ಬೇಕಾಗುತ್ತಿತ್ತು, ಫಲಿತಾಂಶ ಬಂದಾಗ ಅವಳ ಹೆಸರು ನನ್ನ ಹೆಸರಿಗಿಂತ ಮೇಲಿರುತ್ತಿತ್ತು. ಒಂದೆರಡು ಅಂಕವಷ್ಟೇ. ಐವತ್ತು ಅಂಕದ ಅಂತರವಿದ್ದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಕೆಲಸ ಬಂದದ್ದು ಬೈಂದೂರು ಕಡೆಯ ಒಂದು ದೇವಸ್ಥಾನದಿಂದ. ಅದಕ್ಕೆ ತನ್ನದೇ ಯಕ್ಷಗಾನ ಮೇಳವಿದೆ; ಮೇಳದ ಪ್ರದರ್ಶನವನ್ನು ನಮ್ಮಲ್ಲಿ ಆಟ ಎನ್ನುತ್ತಾರೆ. ಊರಿನವರು ಕಷ್ಟದಲ್ಲಿ "ಇದೊಂದು ಸರಿಯಾದರೆ ನಿನ್ನ ಆಟ ಆಡಿಸುತ್ತೇನೆ" ಎಂದು ದೇವರಿಗೆ ಹೇಳಿಕೊಳ್ಳುತ್ತಾರೆ. ದಿನಕ್ಕೆ ಒಂದೇ ಹರಕೆ ಆಟ, ಹರಕೆ ಹೊತ್ತವರು ಸಾವಿರಾರು ಜನ. ಹಾಗಾಗಿ ಹೆಸರು ಬರೆಸಿ ಸರದಿಗೆ ಕಾಯಬೇಕು. ಅಪ್ಪ ಬರೆಸಿದ ಹೆಸರಿಗೆ ಮಗನ ಕಾಲದಲ್ಲಿ ಆಟವಾಗುವುದುಂಟು. ಮಳೆಗಾಲದಲ್ಲಿ ಮೇಳ ತಿರುಗಾಟಕ್ಕೆ ಹೋಗುವುದಿಲ್ಲ, ದೇವಸ್ಥಾನದ ಸಭಾಂಗಣದಲ್ಲೇ ಆಟ.

ಈ ಸರದಿಯನ್ನು ಸೂರಣ್ಣ ಎಂಬ ಗುಮಾಸ್ತರು ಉದ್ದನೆಯ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ವರ್ಷದ ಸಭೆಯಲ್ಲಿ ಒಬ್ಬರು ಎದ್ದು ನಿಂತು, "ನಮ್ಮಪ್ಪ ಹೆಸ್ರ್ ಕೊಟ್ಟ್ ಸತ್ತೂ ಹೋದ್ರ್. ಬೊಂಬಾಯಂಗೆ ಹೋಟ್ಲ್ ಇಪ್ಪವ್ರ್ ಮೊನ್ನೆ ಕೊಟ್ಟ್ ಈ ವರ್ಷ ಆಟ ಆಡಿಸ್ತ್ರ್. ಇದ್ ಎಂತ ನ್ಯಾಯ?" ಎಂದು ಕೂಗಿದರಂತೆ. ಸೂರಣ್ಣ ತಲೆ ತಗ್ಗಿಸಿ ಕೂತಿದ್ದರಂತೆ. ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರರು ನಮ್ಮ ಪ್ರಾಂಶುಪಾಲರಿಗೆ ಫೋನ್ ಮಾಡಿ, ಯಾರೂ ಕೈಯಾಡಿಸಲಾಗದಂಥ ಪಟ್ಟಿಯೊಂದನ್ನು ಕಂಪ್ಯೂಟರಿನಲ್ಲಿ ಮಾಡಿಕೊಡಲಾಗುತ್ತದೆಯೇ ಎಂದು ಕೇಳಿದರು.

ಯಾರೂ ಕೈಯಾಡಿಸಲಾಗದ್ದು ಎಂದಾಗ ವಿನಯಾಳ ಕಣ್ಣು ಹೊಳೆಯಿತು. ಅವಳು ಆಗ ಸಾರ್ವಜನಿಕ ಬ್ಲಾಕ್‌ಚೈನ್‌ನ ಸ್ಮಾರ್ಟ್ ಕಾಂಟ್ರಾಕ್ಟ್‌ಗಳ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಒಂದು ಕರಾರನ್ನು ಪ್ರೋಗ್ರಾಮ್ ಆಗಿ ಬರೆದು ಬಯಲಿನಲ್ಲಿಡುವುದು ಅದರ ತಿರುಳು. ಜಗತ್ತಿನ ಸಾವಿರಾರು ಕಂಪ್ಯೂಟರುಗಳು ಅದರ ಒಂದೇ ರೀತಿಯ ಪ್ರತಿಯನ್ನು ಇಟ್ಟುಕೊಂಡಿರುತ್ತವೆ. ಒಬ್ಬರು ಒಂದು ಅಕ್ಷರ ಬದಲಿಸಿದರೂ ಉಳಿದವರ ಪ್ರತಿ ಒಪ್ಪುವುದಿಲ್ಲ. ಬರೆದವರೇ ಬಂದರೂ ಅಷ್ಟೇ. ಯಾರು ಯಾವಾಗ ಏನು ಮಾಡಿದರೆಂಬುದು ಸದಾ ಎಲ್ಲರಿಗೂ ಕಾಣುತ್ತದೆ. ಇಷ್ಟು ಜನ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ ನೋಡಬೇಕಾದ್ದರಿಂದ ಪ್ರತಿ ಹೆಜ್ಜೆಗೂ ಸ್ವಲ್ಪ ಶುಲ್ಕವಿದೆ, ಮತ್ತು ಒಂದು ಸಲಕ್ಕೆ ಇಷ್ಟೇ ಹೆಜ್ಜೆ ಎಂಬ ಮಿತಿಯಿದೆ. ಈ ಮಿತಿಯ ಮಾತನ್ನು ನೆನಪಿಟ್ಟುಕೊಂಡರೆ ಸಾಕು, ಮುಂದಿನದೆಲ್ಲ ಅದರಿಂದಲೇ ಆದದ್ದು.

ಮೊದಲ ಶನಿವಾರ ನಾವು ಕಚೇರಿಗೆ ಹೋದಾಗ ಸೂರಣ್ಣ ಬಾಗಿಲಲ್ಲೇ ನಿಂತಿದ್ದರು.

"ಹ್ವಾಯ್, ಒಳ್ಗ್ ಬನ್ನಿ ಮಕ್ಕಳೆ. ಪೂರಾ ಚಂಡಿ ಆಯ್ತಲೆ. ಕೂಕಣಿ."

ಇಬ್ಬರೂ ಒದ್ದೆಯಾಗಿದ್ದೆವು. ಒಂದೇ ಒಣ ಕುರ್ಚಿಯಿತ್ತು. ಅದನ್ನು ಅವರು ವಿನಯಾಳ ಕಡೆ ತಳ್ಳಿದರು. ನನಗೆ ಬೆಂಚು. ಇದು ಸಣ್ಣ ವಿಷಯ ಎಂದು ಗೊತ್ತು. ಆದರೆ ದಿನಚರಿಯಲ್ಲಿ ಆ ದಿನದ ಪುಟದಲ್ಲಿ "ಕುರ್ಚಿ" ಎಂಬ ಒಂದೇ ಪದ ಬರೆದಿದ್ದೇನೆ. ಮೂರು ವರ್ಷದ ಮೇಲೆ ಓದಿದಾಗಲೂ ಅದರ ಅರ್ಥ ತಕ್ಷಣ ಹೊಳೆಯಿತು.

ವಿನಯಾ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಕೇಳುತ್ತ ಹೋದಳು. ಮೊಕ್ತೇಸರರೂ ಮತ್ತಿಬ್ಬರೂ ಪಕ್ಕದಲ್ಲಿದ್ದರು. "ಸೂರಣ್ಣ, ಆಟದ ದಿನ ಹತ್ರ ಬಂದಾಗ ಮನೆಯಂಗೆ ಸೂತಕ ಬಂದ್ರೆ?"

"ಸೂತಕದಂಗೆ ಆಟ ಆಡಿಸೂಕ್ ಆತಿಲ್ಲೆ ಅಲ್ದಾ. ಅವ್ರ್ ಬಿಡ್ಕ್. ಸೂತಕ ಕಳ್ದ್ ಮೇಲೆ ಆಡಿಸ್ತ್ರ್."

"ಅವ್ರ್ ಬಿಟ್ರೆ ಆ ದಿನ ಯಾರಿಗೆ?"

ಸೂರಣ್ಣ ಮೊಕ್ತೇಸರರನ್ನೊಮ್ಮೆ ನೋಡಿದರು. "ಹಿಂದ್ ಇಪ್ಪವ್ರೆಲ್ಲ ಒಂದೊಂದ್ ದಿನ ಮುಂದ್ ಬತ್ರ್. ಅವ್ರ್ ತಿರ್ಗಿ ಸೇರುವತಿಗೆ ಅಲ್ಲಿಂದ್ ಹಿಂದ್ ಇಪ್ಪವ್ರ್ ಒಂದೊಂದ್ ಹಿಂದ್ ಹೋತ್ರ್. ಅಷ್ಟೇ ಕ್ರಮ."

ವಿನಯಾ ಅದನ್ನು ಹಾಗೆಯೇ ಬರೆದುಕೊಂಡಳು. ಆದರೆ ಅದು ಹಾಗಲ್ಲ. ಆಟದ ದಿನ ಗೊತ್ತಾದ ಮನೆಯವರು ನೆಂಟರನ್ನು ಕರೆದಿರುತ್ತಾರೆ, ಅಡುಗೆಯವರಿಗೆ ಹೇಳಿರುತ್ತಾರೆ. ಸಾವಿರಾರು ಮನೆಯವರನ್ನು ಒಂದೊಂದು ದಿನ ಸರಿಸಲು ಯಾವ ಗುಮಾಸ್ತನಿಂದಲೂ ಆಗದು. ಸೂರಣ್ಣ ನಿಜವಾಗಿ ಮಾಡುತ್ತಿದ್ದದ್ದು ಒಂದೇ ಫೋನ್. ಸೂತಕ ಬಂದ ಮನೆಗೂ ಹದಿನೈದಿಪ್ಪತ್ತು ದಿನ ಆಚೆಯ ಇನ್ನೊಂದು ಮನೆಗೂ ಮಾತಾಡಿ ದಿನ ಅದಲುಬದಲು ಮಾಡಿಸುತ್ತಿದ್ದರು. ಉಳಿದವರಿಗೆ ಗೊತ್ತೂ ಆಗುತ್ತಿರಲಿಲ್ಲ. ನಮ್ಮ ಮನೆಯ ಆಟವೂ ಒಮ್ಮೆ ಹಾಗೆ ಬದಲಾಗಿತ್ತು, ಅಮ್ಮ ಹೇಳಿದ್ದಳು. ಆದರೆ ಯಾರಿಗೆ ಫೋನ್ ಮಾಡುವುದೆಂದು ಆರಿಸುವವರು ಅವರೇ. ಅವರ ಮೇಲಿದ್ದ ಆರೋಪವೂ ಅದೇ. ಮೊಕ್ತೇಸರರ ಎದುರು ಅದನ್ನು ಹೇಗೆ ಹೇಳಿಯಾರು? ಪಾಪ, ಪುಸ್ತಕದಲ್ಲಿ ಇರಬೇಕಾದ ಕ್ರಮವನ್ನು ಹೇಳಿದರು. ಬ್ರಹ್ಮಾವರದವಳಿಗೆ ಇದು ತಿಳಿಯಲಿಲ್ಲ. ನನಗೆ ತಿಳಿದಿತ್ತೇ? ಬೆಂಚಿನ ಮೇಲೆ ಕೂತು "ಇವಳಿಗೆ ನಮ್ಮೂರಿನ ಗುಟ್ಟು ಗೊತ್ತಾಗಲಿಲ್ಲ" ಎಂದು ಸಣ್ಣಗೆ ಖುಷಿಪಟ್ಟದ್ದು ನೆನಪಿದೆ. ಆ ಖುಷಿ ಅಂದಿನದೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ, ಖಾತ್ರಿಯಿಲ್ಲ.

ಮಳೆ ಹಿಡಿದುಕೊಂಡಿತು. ಪಟ್ಟಿಯಲ್ಲಿದ್ದವರ ಫೋನ್ ನಂಬರು, ಒಪ್ಪಿಗೆ ಎಲ್ಲ ಬೇಕಿತ್ತು. ಆ ಮಳೆಗಾಲದಲ್ಲೇ ಸರದಿ ಬರುವ ಮನೆಗಳಿಗೆ ನಾವೇ ಹೋದೆವು. ನಾವುಂದದಲ್ಲಿ ಗಿರಿಜಕ್ಕನ ಮನೆ. ಬುಟ್ಟಿ ಹೊತ್ತು ಮೀನು ಮಾರುವ ಗಟ್ಟಿ ಹೆಂಗಸು, ವಯಸ್ಸು ಎಪ್ಪತ್ತರ ಹತ್ತಿರ. ಬಹಳ ಹಿಂದೆ ಅವರ ತಮ್ಮ ಹೋದ ದೋಣಿ ಅಳಿವೆಯಲ್ಲಿ ಮಗುಚಿ ಎರಡು ದಿನ ಸುದ್ದಿಯೇ ಇರಲಿಲ್ಲವಂತೆ. ಬದುಕಿ ಬಂದರೆ ಆಟ ಎಂದು ಹೇಳಿಕೊಂಡರು. ಬಂದ. ಆ ತಮ್ಮನಿಗೆ ಈಗ ಮೊಮ್ಮಕ್ಕಳಿದ್ದಾರೆ, ಗಿರಿಜಕ್ಕನ ಸರದಿ ಆ ಶ್ರಾವಣಕ್ಕೆ ಬಂದಿತ್ತು.

"ನೀನ್ ಯಾರ್ ಮಗ್ಳ್?" ಎಂದು ಮೊದಲು ನನ್ನನ್ನೇ ಕೇಳಿದರು. ಹೇಳಿದೆ. "ಓ, ನಿನ್ನಬ್ಬಿ ನನ್ಹತ್ರ ಬಂಗ್ಡೆ ತಕಂಬುಕೆ ನಾಕ್ ಸಲ ಮುಟ್ಟಿ ಕಾಂತ್ಳ್" ಎಂದು ಅಮ್ಮನನ್ನು ನೆನೆದು ನಕ್ಕು ವಿನಯಾಳ ಕಡೆ ತಿರುಗಿದರು. ಮತ್ತೆ ನನ್ನ ಕಡೆ ನೋಡಲೇ ಇಲ್ಲ. ಅವಳು ಅವರ ಪಕ್ಕ ನೆಲದ ಮೇಲೆ ಕೂತು, ಫೋನಿನಲ್ಲಿ ಅವರ ಹೆಸರು ಕಾಣುವ ಬಗೆಯನ್ನು ತೋರಿಸುತ್ತಿದ್ದಳು.

"ಇದನ್ನ ಯಾರಿಗೂ ಅಳ್ಸೂಕ್ ಆತಿಲ್ಲೆ ಗಿರಿಜಕ್ಕ. ಸೂರಣ್ಣಂಗೂ ಆತಿಲ್ಲೆ, ಮೊಕ್ತೇಸರ್ರಿಗೂ ಆತಿಲ್ಲೆ, ನಂಗೂ ಆತಿಲ್ಲೆ."

"ನಿಂಗೂ ಆತಿಲ್ಯಾ? ಹಂಗಾರೆ ತಪ್ಪ್ ಆರೆ ಯಾರ್ ಸರಿ ಮಾಡೂದ್?"

"ತಪ್ಪ್ ಆಪುದಿಲ್ಲೆ."

"ನೀನ್ ಹೇಳ್ರೆ ಆಯ್ತ್. ನಂಗ್ ಆ ಮಿಶನ್ನಿನ ಮೇಲೆ ನಂಬ್ಕಿ ಇಲ್ಲೆ. ನಿನ್ ಮುಖ ಕಂಡ್ ಬೆಟ್ಟ್ ಒತ್ತುದ್" ಎಂದು ಬೆರಳನ್ನು ಫೋನಿಗೆ ಒತ್ತಿದರು.

ವಾಪಸು ಬರುವಾಗ ವಿನಯಾ ನಗುತ್ತಿದ್ದಳು. "ಕಂಡ್ಯಾ ಸುಮಾ? ಯಾರನ್ನೂ ನಂಬೂದ್ ಬ್ಯಾಡ ಅಂದೇಳಿ ಇಷ್ಟೆಲ್ಲ ಬರ್ದೆ. ಅವ್ರ್ ನನ್ನನ್ನೇ ನಂಬಿ ಕೂತ್ರ್." ಅವಳಿಗೆ ಅದು ಪ್ರಬಂಧದ ಒಂದು ಸ್ವಾರಸ್ಯಕರ ಸಾಲು. ನಾನು ಬಸ್ಸಿನ ಕಿಟಕಿಗೆ ಮುಖ ಮಾಡಿ ಕೂತೆ. ಉಪ್ಪುಂದದಿಂದ ನಾವುಂದ ಎಷ್ಟು ದೂರ? ಅದು ನನ್ನ ಊರು, ನನ್ನ ಮಾತು, ನನ್ನ ಅಮ್ಮ ಮೀನು ಕೊಳ್ಳುವ ಬುಟ್ಟಿ. ಅಲ್ಲಿ ನಂಬಿಕೆ ಎಂಬುದೇನಾದರೂ ಸಿಗುವುದಿದ್ದರೆ ಮೊದಲು ನನಗೆ ಸಿಗಬೇಕಿತ್ತು. ಅವಳು ಅದನ್ನು ಒಂದು ಮಧ್ಯಾಹ್ನದಲ್ಲಿ, ಬೇಕೆಂದು ಕೇಳದೆಯೂ, ತೆಗೆದುಕೊಂಡು ಹೊರಟಿದ್ದಳು.

ಆಮೇಲಿನ ವಾರಗಳಲ್ಲಿ ಇದು ಹೆಚ್ಚುತ್ತ ಹೋಯಿತು. ಪತ್ರಿಕೆಯಲ್ಲಿ ಬಂದ ಫೋಟೊದಲ್ಲಿ ವಿನಯಾ ನಡುವೆ, ನನ್ನ ಎಡಭುಜ ಅಂಚಿನಲ್ಲಿ. ಪ್ರಾಂಶುಪಾಲರು ಸ್ಟಾಫ್ ರೂಮಿನಲ್ಲಿ "ನಮ್ಮ ವಿನಯಾ ಮೇಡಂ ತಂಡ" ಎಂದರು. ತಂಡ ಎಂದರೆ ನಾನು. ನನ್ನ ಅಮ್ಮ ಕೂಡ ಫೋನಿನಲ್ಲಿ, "ಈ ವಾರ ಆ ಹೆಣ್ಣ್ ಬತ್ತಿಲ್ಯಾ? ಅವ್ಳಿಗೆ ಅಂತ ಪತ್ರೊಡೆ ಮಾಡಿದ್ದೆ" ಎಂದಳು. ಮನೆಗೆ ಹೋದಾಗ ನನಗೂ ಕೊಟ್ಟಳು. ತಿಂದೆ. ಚೆನ್ನಾಗಿತ್ತು.

ವಿನಯಾ ಕೆಟ್ಟವಳಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಎಲ್ಲ ಕಡೆ ಅವಳು "ಸುಮಾನೂ ನಾನೂ" ಎಂದೇ ಹೇಳುತ್ತಿದ್ದಳು. ಅದೂ ನನಗೆ ಭಿಕ್ಷೆ ಹಾಕಿದಂತೆ ಕೇಳುತ್ತಿತ್ತು.

ಪಟ್ಟಿಯನ್ನು ಚಾಲೂ ಮಾಡುವ ದಿನ ಹತ್ತಿರ ಬಂತು. ಮಳೆಗಾಲದ ಆಟಗಳು ಶುರುವಾಗುವ ಮೊದಲೇ ಆಗಬೇಕೆಂದು ಮೊಕ್ತೇಸರರ ಒತ್ತಾಯ. ಅವಳು ನಲವತ್ತು ಹೆಸರು ಹಾಕಿ ಎಲ್ಲ ಪರೀಕ್ಷಿಸಿದ್ದಳು, ಸರಿಯಾಗಿತ್ತು. ಇಡೀ ಪಟ್ಟಿಯಲ್ಲಿ ಮೂರು ಸಾವಿರಕ್ಕೂ ಮಿಕ್ಕಿ ಹೆಸರುಗಳು. ಅವನ್ನು ಟೈಪ್ ಮಾಡಿ ಜೋಡಿಸಿದವಳು ನಾನು. ಈ ಭಾಗ ನನ್ನ ನೆನಪಿನಲ್ಲಿ ಹೀಗಿದೆ. ಅವಳು, "ಒಂದ್ಸಲ ಪೂರಾ ಪಟ್ಟಿ ಕಂಡ್ ಹೇಳ್ ಮಾರಾಯ್ತಿ" ಎಂದಳು. ನಾನು ಹೆಸರುಗಳ ಕಾಗುಣಿತ ನೋಡಿದೆ. ಸರಿಯಿದೆ ಎಂದು ವಾಟ್ಸ್ಯಾಪಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸಿದೆ. ದಿನಚರಿಯಲ್ಲಿ ಆ ದಿನ ಇರುವುದು ಇಷ್ಟೇ: "ಜಿಲ್ಲಾಧಿಕಾರಿಗಳಿಂದ ಮಳೆ ರಜೆ. ಕರೆಂಟಿಲ್ಲ. ಹಪ್ಪಳ ಸುಟ್ಟೆ."

ಚಾಲೂ ಮಾಡಿದ ದಿನ ಸಭಾಂಗಣ ತುಂಬಿತ್ತು. ದೊಡ್ಡ ಪರದೆಯ ಮೇಲೆ ಹೆಸರುಗಳು ಸಾಲಾಗಿ ಬಂದಾಗ ಜನ ಬೆರಳು ತೋರಿಸಿ, "ಅಗಾ, ಅಪ್ಪಯ್ಯನ ಹೆಸ್ರ್" ಎಂದು ಕೂಗಿದರು. ಇನ್ನು ಮುಂದೆ ಪರದೆಯಲ್ಲಿದ್ದದ್ದೇ ಕಡೆಯ ಮಾತು ಎಂದು ಮೊಕ್ತೇಸರರು ಸಾರಿದರು. ಸೂರಣ್ಣ ತಮ್ಮ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ಬೀಗದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಅಂಗೈಯಲ್ಲೇ ಹಿಡಿದುಕೊಂಡಿದ್ದರು. ವಿನಯಾ ಕಡೆಯ ಗುಂಡಿಯನ್ನು ಒತ್ತಿ, ಕಾಂಟ್ರಾಕ್ಟಿನ ಮೇಲೆ ತನಗಿದ್ದ ಅಧಿಕಾರವನ್ನೂ ಬಿಟ್ಟುಕೊಟ್ಟಳು. ಅಲ್ಲಿಂದ ಮುಂದೆ ಅವಳೂ ಅದನ್ನು ಮುಟ್ಟುವಂತಿರಲಿಲ್ಲ. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಆಷಾಢವೆಲ್ಲ ಸರಿಯಾಗಿ ನಡೆಯಿತು. ದಿನಕ್ಕೊಂದು ಆಟ, ಬೆಳಗಾದರೆ ಪಟ್ಟಿಯಲ್ಲಿ ಆ ಹೆಸರಿನ ಮುಂದೆ "ಮುಗಿದಿದೆ" ಎಂದು ತಾನಾಗಿ ಬರುತ್ತಿತ್ತು. ಶ್ರಾವಣದಲ್ಲಿ ಗಿರಿಜಕ್ಕನ ಆಟಕ್ಕೆ ಇನ್ನು ಎರಡು ದಿನ ಇರುವಾಗ ಮುಂಬಯಿಯಲ್ಲಿ ಅವರ ಗಂಡನ ತಮ್ಮ ತೀರಿಕೊಂಡರು. ಸೂತಕ. ಹೊರೆಕಾಣಿಕೆಗೆ ತಂದಿಟ್ಟ ತೆಂಗಿನಕಾಯಿ ಅಂಗಳದಲ್ಲೇ ಇತ್ತು. ಗಿರಿಜಕ್ಕನ ತಮ್ಮ, ಅದೇ ಬದುಕಿ ಬಂದ ತಮ್ಮ, ಬೇರೆ ಮನೆಯವನಾದ್ದರಿಂದ ಸೂತಕವಿಲ್ಲದೆ ದೇವಸ್ಥಾನಕ್ಕೆ ಬಂದ. ನಾವಿಬ್ಬರೂ ಅಲ್ಲಿದ್ದೆವು.

ವಿನಯಾ ಲ್ಯಾಪ್‌ಟಾಪ್ ತೆರೆದು "ಬಿಡುವುದು" ಎಂಬ ಆಜ್ಞೆ ಕೊಟ್ಟಳು. ಆಗಲಿಲ್ಲ. ಮತ್ತೆ ಕೊಟ್ಟಳು. ಆಗಲಿಲ್ಲ. ಶುಲ್ಕವನ್ನು ಹೆಚ್ಚಿಸಿ ಮೂರನೆಯ ಸಲ ಕೊಟ್ಟಳು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ, ಹೆಜ್ಜೆಗಳ ಮಿತಿ ಮೀರಿದೆ ಎಂಬ ಅದೇ ಸಂದೇಶ. ಸೂರಣ್ಣನ ಮಾತಿನಂತೆ ಒಬ್ಬರು ಬಿಟ್ಟರೆ ಹಿಂದಿದ್ದವರೆಲ್ಲ ಒಂದೊಂದು ಮುಂದೆ, ಮತ್ತೆ ಸೇರುವಾಗ ಒಂದೊಂದು ಹಿಂದೆ. ನಲವತ್ತು ಹೆಸರಿಗೆ ಅದು ಕಣ್ಣು ಮಿಟುಕಿಸಿದಷ್ಟರ ಕೆಲಸ. ಮೂರು ಸಾವಿರ ಹೆಸರುಗಳನ್ನು ಎರಡು ಸಲ ಸರಿಸಲು ಬೇಕಾದ ಹೆಜ್ಜೆಗಳನ್ನು ಆ ಜಾಲ ಒಂದೇ ಸಲಕ್ಕೆ ಎಂದೂ ಒಪ್ಪುತ್ತಿರಲಿಲ್ಲ. ಸೂರಣ್ಣ ನಿಜವಾಗಿ ಮಾಡುತ್ತಿದ್ದ ಹಾಗೆ ಎರಡು ಹೆಸರನ್ನಷ್ಟೇ ಅದಲುಬದಲು ಮಾಡುವಂತೆ ಬರೆದಿದ್ದರೆ, ಪಟ್ಟಿ ಲಕ್ಷಕ್ಕೆ ಬೆಳೆದರೂ ತೊಂದರೆ ಇರಲಿಲ್ಲ. ಈಗ ಬರೆಯುವಂತೆಯೂ ಇರಲಿಲ್ಲ.

"ಹಂಗಾರೆ ಅಕ್ಕನ ಆಟ?" ಎಂದ ತಮ್ಮ.

ಎರಡು ದಿನ ಕಳೆದರೆ ಆಟವಾಗದಿದ್ದರೂ ಪಟ್ಟಿ ತಾನಾಗಿ ಗಿರಿಜಕ್ಕನ ಹೆಸರಿನ ಮುಂದೆ "ಮುಗಿದಿದೆ" ಎಂದು ಬರೆದುಕೊಳ್ಳುತ್ತದೆ. ಮತ್ತೆ ಹೆಸರು ಕೊಟ್ಟರೆ ಮೂರು ಸಾವಿರದ ಹಿಂದೆ. ಎಪ್ಪತ್ತರ ಹೆಂಗಸಿಗೆ ಅದರ ಅರ್ಥ ಏನೆಂದು ಎಲ್ಲರಿಗೂ ಗೊತ್ತಿತ್ತು.

ಜನ ಸೇರುತ್ತ ಹೋದರು. "ಎಂತದಾ ಇದ್, ಯಾರಿಗೂ ಮುಟ್ಟೂಕಾಗದ್ದ್ ಅಂದೇಳಿ ಮಾಡಿದ್ದ್ ಇದಕ್ಕೆಯಾ?" "ಓದಿದ್ದ್ ಹೆಚ್ಚಾಯ್ತ್ ಇವಕ್ಕೆ." "ಸೂರಣ್ಣನ ಪುಸ್ತಕ ಇಪ್ಪತಿಗೆ ಎಂತ ಆಗಿದಿತ್?" ಸಭೆಯಲ್ಲಿ ಸೂರಣ್ಣನ ಮೇಲೆ ಕೂಗಿದ್ದವರ ದನಿಯೂ ಅದರಲ್ಲಿತ್ತು ಎಂದು ಯಾರೋ ಆಮೇಲೆ ಹೇಳಿದರು.

ಆಗ ವಿನಯಾ ಎದ್ದು ನಿಂತಳು. "ತಪ್ಪು ನಂದ್" ಎಂದಳು. "ಬರ್ದದ್ದ್ ನಾನ್. ದೊಡ್ಡ ಪಟ್ಟಿಗೆ ಸರಿ ಆತ್ತಾ ಅಂದೇಳಿ ಕಾಣ್ಕಾದ್ದ್ ನಾನ್. ಬೇರೆ ಯಾರ್ದೂ ಅಲ್ಲ."

ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ನನ್ನ ಕೈ ಬೆನ್ನ ಹಿಂದಿತ್ತು.

ಸೂರಣ್ಣ ಕಪಾಟು ತೆಗೆದರು. ಬಟ್ಟೆ ಬಿಚ್ಚಿ, ಕನ್ನಡಕ ಒರೆಸಿ, ಪುಟದ ಮೇಲೆ ಬೆರಳಿಟ್ಟು, ಕಚೇರಿಯ ಫೋನಿನಿಂದ ಕೊಲ್ಲೂರಿನ ಒಂದು ಮನೆಗೆ ಮಾತಾಡಿದರು. "ಹ್ವಾಯ್, ನಾನ್ ಸೂರಣ್ಣ. ನಿಮ್ ಆಟ ಇಪ್ಪತ್ತ್ ದಿನ ಮುಂಚೆ ಆಯ್ಕಾತ್, ನಾಡಿದ್ದೇ. ಒಬ್ರ್ ಹೆಂಗ್ಸ್‌ರಿಗೆ ಸೂತಕ... ಹೌದ್, ಗೊತ್ತಿತ್, ಅಡ್ಗಿ ಭಟ್ರಿಗೆ ನಾನೇ ಹೇಳ್ತೆ... ಆಯ್ತಾ? ದೇವ್ರ್ ಒಳ್ಳೇದ್ ಮಾಡ್ಲಿ." ಎರಡು ಹೆಸರುಗಳ ಮೇಲೆ ಒಂದು ಬಾಣದ ಗುರುತು ಎಳೆದರು. ಮುಗಿಯಿತು. ಇಪ್ಪತ್ತು ದಿನದ ಮೇಲೆ ಗಿರಿಜಕ್ಕನ ಆಟ ಚೆನ್ನಾಗಿಯೇ ಆಯಿತಂತೆ. ನಾನು ಹೋಗಲಿಲ್ಲ. ವಿನಯಾ ಹೋಗಿದ್ದಳು.

ಪರದೆಯನ್ನು ಕಳಚಿದರು. ಪ್ರಬಂಧವನ್ನು ಅವಳು ಹಿಂತೆಗೆದುಕೊಂಡಳು. ಸ್ಟಾಫ್ ರೂಮಿನಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಮರುವರ್ಷ ಬ್ರಹ್ಮಾವರದ ಪದವಿಪೂರ್ವ ಕಾಲೇಜೊಂದಕ್ಕೆ ಸೇರಿದಳು. ನಮ್ಮ ಸ್ನೇಹ ಹಬ್ಬದ ಶುಭಾಶಯಗಳಿಗೆ ಇಳಿಯಿತು.

ಈ ಜೂನಿನಲ್ಲಿ ಪರೀಕ್ಷೆ ಮುಗಿಸಿ ಬಂದ ಮೇಲೆ, ಆ ಹಲಸಿನ ವಾಸನೆ ಬಿಡದೆ, ಹಗಲಿನಲ್ಲೇ ಕೂತು ಹಳೆಯ ಜಾಲವನ್ನು ತೆರೆದೆ. ಇಂಥ ಕಾಂಟ್ರಾಕ್ಟುಗಳನ್ನು ಚಾಲೂ ಮಾಡುವ ಮೊದಲು ಪ್ರಯೋಗಕ್ಕೆಂದು ಬೇರೆ ಜಾಲವೊಂದಿದೆ, ಅದೂ ಸಾರ್ವಜನಿಕವೇ. ನನ್ನ ಖಾತೆಯ ವಿಳಾಸ ಹಾಕಿದರೆ ನಾನು ಅಲ್ಲಿ ಮಾಡಿದ್ದೆಲ್ಲ ಸಾಲಾಗಿ ಬರುತ್ತದೆ. ಏನೂ ಬಾರದು ಎಂದುಕೊಂಡಿದ್ದೆ. ಹಾಗೆಂದುಕೊಂಡಿದ್ದೆನೇ? ಹಾಗಾದರೆ ತೆರೆದದ್ದೇಕೆ?

ಮಳೆ ರಜೆಯ ಆ ದಿನದ ಮಧ್ಯಾಹ್ನ, ನನ್ನ ವಿಳಾಸದಿಂದ, ಅವಳ ಕಾಂಟ್ರಾಕ್ಟಿನ ಪ್ರತಿ. ಒಳಗೆ ಪೂರ್ತಿ ಪಟ್ಟಿ. "ಬಿಡುವುದು" ಎಂಬ ಆಜ್ಞೆ. ವಿಫಲ. ಏಳು ನಿಮಿಷದ ಮೇಲೆ ಮತ್ತೆ. ವಿಫಲ. ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ. ವಿಫಲ. ಕಾರಣ, ಹೆಜ್ಜೆಗಳ ಮಿತಿ ಮೀರಿದೆ. ಚಾಲೂ ಮಾಡಲು ಇನ್ನೂ ಒಂಬತ್ತು ದಿನವಿತ್ತು.

ನೋಡುತ್ತಿದ್ದ ಹಾಗೆ ಎಲ್ಲ ಬಂತು. ಕರೆಂಟಿರಲಿಲ್ಲ, ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇತ್ತು, ಫೋನಿನಿಂದ ಇಂಟರ್ನೆಟ್. ಮೂರನೆಯ ಸಲ ವಿಫಲವಾದಾಗ ನನಗಾದದ್ದು ಸಂತೋಷ. ಓದು ಮುಗಿಸಿದ ಮೇಲೆ ಮೊದಲ ಬಾರಿಗೆ ಅವಳು ಕಾಣದ್ದು ನನಗೆ ಕಂಡಿತ್ತು. ಹೇಳಿದರೆ ಅವಳು ಒಂದು ಗಂಟೆಯಲ್ಲಿ ಸರಿ ಮಾಡಿ, "ಸುಮಾ ಕಂಡ್ ಹೇಳಿದ್ಳ್" ಎಂದು ಎಲ್ಲರಿಗೂ ಹೇಳಿ, ಅದರಿಂದಲೂ ಅವಳೇ ದೊಡ್ಡವಳಾಗುತ್ತಿದ್ದಳು. ನಾಳೆ ಹೇಳೋಣ ಎಂದುಕೊಂಡೆ. ಹೆಬ್ಬೆರಳು ಕಳಿಸಿದೆ. ಹಪ್ಪಳ ಸುಟ್ಟೆ. ನಾಳೆ, ನಾಡಿದ್ದು ಎಂದು ಒಂಬತ್ತು ದಿನ ಕಳೆಯಿತು. ಆಮೇಲೆ ಮರೆತೆ. ಮರೆಯುವುದಕ್ಕೆ ಎಷ್ಟು ಶ್ರಮಪಟ್ಟಿರಬೇಕು ಎಂದು ಈಗ ಆಶ್ಚರ್ಯವಾಗುತ್ತದೆ. ಹತ್ತು ವರ್ಷದಿಂದ ದಿನಚರಿ ಬರೆಯುವವಳು ನಾನು. ಆ ಪುಟದಲ್ಲಿ ಬರೆದ ಒಂದೊಂದು ಪದವೂ ನಿಜ.

ಮರುವಾರ ಬ್ರಹ್ಮಾವರಕ್ಕೆ ಹೋದೆ. ಅವಳ ಕಾಲೇಜಿನ ಲ್ಯಾಬಿನಲ್ಲಿ ತರಗತಿ ಮುಗಿದಿತ್ತು. ಅವಳು ಕೀಬೋರ್ಡುಗಳನ್ನು ಒಣಬಟ್ಟೆಯಲ್ಲಿ ಒರೆಸುತ್ತಿದ್ದಳು. ಮಳೆಗಾಲದ ಬೂಸು. ನಾನು ಕೂರದೆ ಹೇಳಿದೆ. ಎಲ್ಲ ಹೇಳಿದೆ. ಮೂರು ಸಲ ವಿಫಲವಾದದ್ದು, ಹೆಬ್ಬೆರಳು, ಸೂರಣ್ಣನ ಅದಲುಬದಲು ನನಗೆ ಮೊದಲೇ ಗೊತ್ತಿದ್ದದ್ದು. ಸಂತೋಷವಾದದ್ದನ್ನೂ ಹೇಳಿದೆ.

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. "ನಂಗ್ ಗೊತ್ತಿದ್ದಿತ್" ಎಂದಳು.

"ಯಾವಾಗ್ಳಿಂದ?"

"ಅವತ್ತೇ. ಎಲ್ಲ ಕೂಗ್ತಾ ಇರುವತಿಗೆ. ಎಂತ ಆಯ್ತ್ ಅಂದೇಳಿ ಪ್ರಯೋಗದ ಜಾಲದಂಗೆ ಮಾಡಿ ಕಾಂಬ ಅಂದ್ ಫೋನಿನಂಗೆ ತೆಗ್ದೆ. ಅಲ್ಲಿ ಮೊದ್ಲೇ ಒಬ್ರ್ ಮಾಡಿ ಕಂಡಿದ್ರ್, ಮೂರ್ ಸಲ. ವಿಳಾಸ ಕಂಡೆ. ಆ ಖಾತಿ ನಿಂಗ್ ಮಾಡಿ ಕೊಟ್ಟದ್ದೇ ನಾನಲ್ದಾ."

ಅವಳು ಅಂದು ಫೋನ್ ತೆಗೆದದ್ದು ನನಗೆ ನೆನಪಿಲ್ಲ. ನನ್ನ ಕೈ ಎಲ್ಲಿತ್ತು ಎಂಬುದು ನೆನಪಿದೆ, ಅವಳ ಕೈ ನೆನಪಿಲ್ಲ.

"ಅದನ್ನ ಕಂಡ್ ಮೇಲೆ ಎದ್ದ್ ನಿಂತದ್ದಾ ನೀನ್?"

"ಹೌದ್."

"ಎಂತಕ್?"

"ಬರ್ದದ್ದ್ ನಾನೇ ಅಲ್ದಾ." ಮುಂದಿನ ಕೀಬೋರ್ಡಿಗೆ ಹೋದಳು. ಅದನ್ನು ಬೋರಲು ಹಾಕಿ ತಟ್ಟುತ್ತ ಹೇಳಿದಳು. "ಅದ್ ನಿನ್ ಊರ್ ಸುಮಾ. ನಾನ್ ಬ್ರಹ್ಮಾವರಕ್ಕೆ ಬಂದ್ ಕೂಕಂಬುಕ್ ಆತ್ತ್. ನೀನ್ ಎಲ್ಲಿಗ್ ಹೋತೆ? ಒಂದ್ ವರ್ಷ ನೀನ್ ಬಂದ್ ಹೇಳ್ತ್ಯಾ ಅಂದೇಳಿ ಕಾದೆ. ಭಯಂಕರ ಸಿಟ್ಟ್ ಇತ್ತಿದ್. ಮತ್ತೆ ಪಾಠ, ಪರೀಕ್ಷೆ... ಕಾವುದ್ ಬಿಟ್ಟೆ."

"ಈಗ?"

"ಈಗ ಎಂತ? ಹೇಳ್ದೆ ಅಲ್ದಾ. ಚಾ ಕುಡಿತ್ಯಾ?"

ಕುಡಿದೆವು. ಅವಳು ಸ್ನೇಹಿತೆಯಾಗಿ ಉಳಿದಳೇ ಎಂದರೆ, ಚಹಾ ಕೊಟ್ಟಳು, ಬಸ್ ನಿಲ್ದಾಣದ ತನಕ ಕೊಡೆ ಹಿಡಿದು ಬಂದಳು. "ಮತ್ತೆ ಬಾ" ಎನ್ನಲಿಲ್ಲ. ಅಷ್ಟನ್ನು ಬರೆಯಬಲ್ಲೆ.

ಅವಳು ಹೋದ ಮೇಲೆ ಕುಂದಾಪುರದ ಬಸ್ಸಿಗೆ ಕಾಯುತ್ತ ಹೆದ್ದಾರಿಯ ಬದಿ ನಿಂತಿದ್ದೆ. ಲಾರಿಗಳು ಹಾದುಹೋದಾಗ ಸೊಂಟದ ತನಕ ಕೆಸರು ನೀರು ಸಿಡಿಯುತ್ತಿತ್ತು. ತಪ್ಪು ನಂದ್ ಎಂಬುದು ಅಂದು ನಾನು ಹೇಳಬೇಕಿದ್ದ ಮಾತು. ನನ್ನ ಊರಿನಲ್ಲಿ, ನನ್ನ ಜನರ ಎದುರು ನಾನು ಎದ್ದು ಹೇಳಬೇಕಿದ್ದ ಮಾತು. ಎಲ್ಲ ಗೊತ್ತಿದ್ದೂ, ಪಕ್ಕದಲ್ಲಿ ನಿಂತವಳನ್ನು ತಿರುಗಿಯೂ ನೋಡದೆ, ಅದನ್ನೂ ಅವಳೇ ಹೇಳಿಬಿಟ್ಟಳು. ನಾನು ಎಂದಾದರೂ ಹೇಳಬಹುದಾಗಿದ್ದಕ್ಕಿಂತ ಚೆನ್ನಾಗಿ ಹೇಳಿದಳು. ಇಷ್ಟು ತಿಳಿದಾಗ ನನಗೆ ನಾಚಿಕೆಯಾಯಿತು ಎಂದು ಬರೆಯುವ ಆಸೆ. ಆದರೆ ಈ ಪುಟದಲ್ಲಾದರೂ ಏನನ್ನೂ ಬಿಡಬಾರದು. ಆದದ್ದು ಹೊಟ್ಟೆಕಿಚ್ಚು.